ಗಾಂಜಾ ಬಿಟ್ಟ ಮೇಲಿನ ಒಂದು ತಿಂಗಳು

ನಮ್ಮ ಕಡೆ, ಅಂದರೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಆಸುಪಾಸಿನಲ್ಲಿ, ಗಾಂಜಾದ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ, ಎರಡೂ ಒಂದೇ ಮನೆಯೊಳಗೆ ಕೇಳಿಬರುವುದುಂಟು. ಅದು ಬರೇ ಸೊಪ್ಪು, ಕುಡಿತದ ಹಾಗಲ್ಲ, ಬೇಡವೆನಿಸಿದ ದಿನ ಬಿಟ್ಟುಬಿಡಬಹುದು ಎಂಬುದು ಸೇದುವ ಹುಡುಗನ ಮಾತು. ಅದರ ಸಹವಾಸ ಮಾಡಿದವನು ಕೆಟ್ಟ ಹಾಗೆಯೇ, ಇನ್ನು ಸರಿಯಾಗುವುದುಂಟೇ ಎಂಬುದು ಹೆತ್ತವರ ಮಾತು. ಹುಡುಗ ಒಂದು ದಿನ ನಿಜಕ್ಕೂ ಬಿಡುತ್ತಾನೆ. ಬಿಟ್ಟ ಎರಡು ಮೂರು ದಿನಗಳಲ್ಲಿ ತನ್ನ ಮೈಗೂ ಮನಸ್ಸಿಗೂ ಏನಾಗುತ್ತಿದೆಯೆಂದು ತಿಳಿಯದೆ ಕಂಗಾಲಾಗುತ್ತಾನೆ. ಆಗ ಅವನ ಸಿಡುಕು, ಕೂಗಾಟಗಳನ್ನು ಕಂಡ ಮನೆಯವರು, ನಾವು ಹೇಳಿದ್ದು ಸುಳ್ಳಾಯಿತೇ ಎನ್ನುತ್ತಾರೆ. ನನಗೆ ಹೇಳಬೇಕಾಗಿರುವುದು ಇಷ್ಟೇ: ಆ ದಿನಗಳ ಕೆಟ್ಟ ಮನಃಸ್ಥಿತಿಯಲ್ಲಿ ಬಹುಪಾಲು ವಸ್ತುವಿನದು, ಹುಡುಗನದಲ್ಲ. ಅದಕ್ಕೊಂದು ಅವಧಿಯುಂಟು. ಆ ಅವಧಿ ಮುಗಿಯುವ ಮೊದಲು ಮನೆಯವರು ಅವನ ಬಗ್ಗೆ, ಅವನು ತನ್ನ ಬಗ್ಗೆ, ಏನನ್ನೂ ತೀರ್ಮಾನಿಸಬಾರದು.

ನನ್ನ ಅಳಿಯ, ಅಂದರೆ ತಂಗಿಯ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಾಲೇಜಿನಲ್ಲಿ ಗೆಳೆಯರ ಜೊತೆ ಶನಿವಾರಕ್ಕೆಂದು ಶುರುವಾದದ್ದು, ಕೆಲಸಕ್ಕೆ ಸೇರಿ ಒಂದೆರಡು ವರ್ಷಗಳಾಗುವಷ್ಟರಲ್ಲಿ ಪ್ರತಿ ರಾತ್ರಿ ಮಲಗುವ ಮೊದಲು ಬೇಕೇ ಬೇಕು ಎಂಬಲ್ಲಿಗೆ, ಆಮೇಲೆ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲೂ ಬೇಕು ಎಂಬಲ್ಲಿಗೆ ಬಂದಿತ್ತು. ಅಪ್ಪನ ಜೊತೆ ಮಾತು ನಿಂತಿದ್ದುದರಿಂದ, ಬಿಡುತ್ತೇನೆಂದು ಹೊರಟವನು ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಗೆ ಬಂದು ಉಳಿದ. ಅವನು ಓದಿ ಒಪ್ಪಿದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಏನೂ ಆಗಲಿಲ್ಲ. ಮರುದಿನ ಸಂಜೆಯಿಂದ ಚಡಪಡಿಕೆ ತೊಡಗಿತು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯ ಬಟ್ಟಲನ್ನು ಮುಂದಿಟ್ಟುಕೊಂಡು, ಮಾವಿನಮಿಡಿ ಉಪ್ಪಿನಕಾಯಿಯನ್ನು ಬೆರಳಿನಿಂದ ಆಚೀಚೆ ಸರಿಸುತ್ತಾ, ಗಂಜಿ ತಣಿದು ಮೇಲೆ ಕೆನೆಗಟ್ಟುವವರೆಗೂ ಕೂತಿದ್ದ. ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ರಾತ್ರಿ ನಿದ್ದೆಯಿಲ್ಲ. ಬೆಳಗಿನ ಜಾವ ಒಂದಿಷ್ಟು ನಿದ್ದೆ ಹತ್ತಿದರೆ ಭಯಂಕರ ಸ್ಪಷ್ಟವಾದ ಕನಸುಗಳು. ಹೊರಗೆ ಹೊದ್ದು ಮಲಗುವ ಚಳಿಯಿದ್ದರೂ ತಲೆದಿಂಬು ಒದ್ದೆಯಾಗುವಷ್ಟು ಬೆವರು. ಅಮ್ಮ ಫೋನಿನಲ್ಲಿ ಊಟವಾಯಿತೇ ಎಂದು ಕೇಳಿದ್ದಕ್ಕೆ, ದಿನಕ್ಕೆ ಎಷ್ಟು ಸಲ ಕೇಳುತ್ತೀ ಎಂದು ರೇಗಿ ಫೋನ್ ಇಟ್ಟವನು, ಐದು ನಿಮಿಷದಲ್ಲಿ ಜಗಲಿಯ ತುದಿಗೆ ಹೋಗಿ ಅಳುತ್ತಿದ್ದ. ನನ್ನ ಹೆಂಡತಿ ಇದನ್ನು ಮೈಮೇಲೆ ಬಂದದ್ದೆಂದೇ ಭಾವಿಸಿದ್ದಳು.

ಮೈಮೇಲೆ ಬಂದದ್ದೇನೂ ಅಲ್ಲ, ಪುಸ್ತಕದಲ್ಲಿ ಬರೆದದ್ದೇ. ಹಲವು ತಿಂಗಳುಗಳ ಕಾಲ ದಿನವೂ ಸೇದಿದವನು ನಿಲ್ಲಿಸಿದಾಗ ಸಿಡುಕು, ಆತಂಕ, ನಿದ್ರಾಹೀನತೆ ಮತ್ತು ಕೆಟ್ಟ ಕನಸು, ಹಸಿವು ಕುಗ್ಗುವುದು, ಚಡಪಡಿಕೆ, ಮಂಕು ಕವಿದ ಮನಸ್ಸು, ಇವುಗಳ ಜೊತೆ ಬೆವರು, ತಲೆನೋವು, ಹೊಟ್ಟೆನೋವು, ನಡುಕ ಮುಂತಾದವು ಬರುತ್ತವೆಂದು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ ಹೇಳುತ್ತದೆ. ಗಮನಿಸಬೇಕಾದದ್ದೆಂದರೆ, ಈ ಕೈಪಿಡಿಯ 1994ರ ನಾಲ್ಕನೆಯ ಆವೃತ್ತಿಯಲ್ಲಿ ಗಾಂಜಾಕ್ಕೆ ಹಿಂತೆಗೆತದ, ಅಂದರೆ ಬಿಟ್ಟಾಗ ಬರುವ ತೊಂದರೆಗಳ, ರೋಗನಿರ್ಣಯವೇ ಇರಲಿಲ್ಲ. ಅದು ಸೇರಿದ್ದು 2013ರ ಐದನೆಯ ಆವೃತ್ತಿಯಲ್ಲಿ. ವೈದ್ಯಲೋಕವೇ ಇಷ್ಟು ತಡವಾಗಿ ಒಪ್ಪಿಕೊಂಡ ಮೇಲೆ, ಬಿಟ್ಟರೆ ಏನೂ ಆಗದೆಂದು ಹಾಸ್ಟೆಲಿನ ಹುಡುಗರು ನಂಬಿಕೊಂಡಿದ್ದರೆ ಅವರನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. ಲಕ್ಷಣಗಳು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳೊಳಗೆ ತೊಡಗಿ, ಮೊದಲ ವಾರದಲ್ಲಿ ಏರಿ, ಎರಡು ವಾರಗಳ ಹೊತ್ತಿಗೆ ಇಳಿಯುತ್ತವೆ. ನಿದ್ದೆಯೊಂದು ಮಾತ್ರ ತಿಂಗಳಿಗೂ ಹೆಚ್ಚು ಕಾಲ ಕಾಡಬಹುದು. ಕನಸುಗಳಿಗೆ ಕಾರಣವೂ ಸರಳ: ಗಾಂಜಾ ಕನಸು ಬೀಳುವ ಹಂತದ ನಿದ್ದೆಯನ್ನು ಅದುಮಿಡುತ್ತದೆ, ಬಿಟ್ಟೊಡನೆ ಆ ನಿದ್ದೆ ಬಡ್ಡಿಸಮೇತ ಮರಳುತ್ತದೆ.

ಮನಸ್ಸು ಯಾಕೆ ಹೀಗೆ ಕುಸಿಯುತ್ತದೆ ಎಂಬುದನ್ನು ಅವನಿಗೆ ಮಂಗಳೂರಿನ ಮನೋವೈದ್ಯರು ವಿವರಿಸಿದ್ದರು, ನಾನೂ ಪಕ್ಕದಲ್ಲಿ ಕೂತು ಕೇಳಿದೆ. ಗಾಂಜಾದಲ್ಲಿ ಅಮಲು ತರುವ ಮುಖ್ಯ ಅಂಶ ಟಿಎಚ್‌ಸಿ. ಅದನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ರಾಫೆಲ್ ಮೆಷೂಲಮ್ ಮತ್ತು ಯೆಹಿಯಲ್ ಗಾವೊನಿ ಬೇರ್ಪಡಿಸಿದರು. ನಮ್ಮ ಮಿದುಳೇ ಅದಕ್ಕೆ ಸಮಾನವಾದ ರಾಸಾಯನಿಕವನ್ನು ತಯಾರಿಸುತ್ತದೆಂಬುದು, ಅಂದರೆ ಆನಂದಮೈಡ್‌ನ ಇರವು, ತಿಳಿದದ್ದು 1992ರಲ್ಲಿ. ಎರಡೂ ಹೋಗಿ ಕೂರುವುದು ಸಿಬಿ1 ಎಂಬ ಗ್ರಾಹಕಗಳಲ್ಲಿ, ಅಂದರೆ ಮಿದುಳಿನ ಜೀವಕೋಶಗಳ ಮೇಲೆ ಇಂಥ ರಾಸಾಯನಿಕಗಳು ಬಂದು ಹಿಡಿದುಕೊಳ್ಳುವ ತಾಣಗಳಲ್ಲಿ. ಹೊರಗಿನಿಂದ ದಿನವೂ ಧಾರಾಳವಾಗಿ ಟಿಎಚ್‌ಸಿ ಬರತೊಡಗಿದರೆ ಮಿದುಳು ಈ ಗ್ರಾಹಕಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ಬಂದ ಮೇಲೆ ನೀರಿಗೆಂದು ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಹೂಳು ತೆಗೆಯುವವರಿಲ್ಲ. ಬೋರ್ ಕೈಕೊಟ್ಟ ದಿನ ಸುರಂಗದ ಬಾಯಿಯಲ್ಲೂ ನೀರಿರುವುದಿಲ್ಲ, ಹೂಳೆತ್ತಿದರೆ ಬರುತ್ತದೆ, ಆದರೆ ಅಂದೇ ಬರುವುದಿಲ್ಲ. ಬಿಟ್ಟವನ ಮಿದುಳಿನ ಸ್ಥಿತಿ ಇದುವೇ. ಮಿದುಳಿನ ಚಿತ್ರಣದ ಅಧ್ಯಯನಗಳ ಪ್ರಕಾರ ಬಿಟ್ಟ ಎರಡು ದಿನಗಳಲ್ಲಿಯೇ ಗ್ರಾಹಕಗಳ ಚೇತರಿಕೆ ತೊಡಗಿ, ಸುಮಾರು ನಾಲ್ಕು ವಾರಗಳ ಹೊತ್ತಿಗೆ ಅವು ಸೇದದವರ ಮಟ್ಟಕ್ಕೆ ಹತ್ತಿರ ಬರುತ್ತವೆ. ಒಂದು ತಿಂಗಳ ಲೆಕ್ಕ ನನಗೆ ಮುಖ್ಯವೆನಿಸಿದ್ದು ಇದರಿಂದ.

ಈ ಲೆಕ್ಕ ತಿಳಿಯದವನು ಬಲೆಗೆ ಬೀಳುವ ರೀತಿ ಹೀಗೆ. ಬಿಟ್ಟ ಐದನೆಯ ದಿನ ಅವನಿಗೆ ಬದುಕು ಬೇಸರವೆನಿಸುತ್ತದೆ, ಸಂಗೀತ ಕಿವಿಗೆ ಹತ್ತುವುದಿಲ್ಲ, ಊಟಕ್ಕೆ ರುಚಿಯಿಲ್ಲ, ಮಾತು ಬೇಡ. ಒಂದು ಸಲ ಸೇದುತ್ತಾನೆ, ಹದಿನೈದು ನಿಮಿಷದಲ್ಲಿ ಎಲ್ಲವೂ ಸರಿಯಾಗುತ್ತದೆ. ಆಗ ಅವನು, ನನಗೆ ಮೊದಲಿನಿಂದಲೂ ಖಿನ್ನತೆಯಿದೆ, ಗಾಂಜಾವೇ ಅದಕ್ಕೆ ನನ್ನ ಮದ್ದು ಎಂದು ತೀರ್ಮಾನಿಸುತ್ತಾನೆ. ಅದು ವಾಸಿ ಮಾಡಿದ್ದು ತಾನೇ ತಂದ ಕಾಯಿಲೆಯನ್ನು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ನನ್ನ ಅಳಿಯ ಹಿಂದೆ ಬಿಡಲು ಹೊರಟಾಗಲೆಲ್ಲ ಸೋತದ್ದು ಇಲ್ಲಿಯೇ, ಮತ್ತು ಸೋತದ್ದು ಆಸೆಗಿಂತ ಹೆಚ್ಚಾಗಿ ಈ ತೀರ್ಮಾನಕ್ಕೆ.

ವೈದ್ಯರು ಒಂದು ನೋಟ್ ಪುಸ್ತಕದಲ್ಲಿ ದಿನವೂ ರಾತ್ರಿ ನಿದ್ದೆಯ ಗಂಟೆ, ಊಟ, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಹೇಳಿದರು. ಮೊದಲ ವಾರದ ಪುಟಗಳಲ್ಲಿ ಅಂಕಗಳು ಎರಡು ಮೂರರಲ್ಲಿಯೇ ಇವೆ, ಒಂದು ಕಡೆ ಪೆನ್ನನ್ನು ಒತ್ತಿ ಗೀಚಿ ಕಾಗದ ಹರಿದಿದೆ. ಎರಡನೆಯ ವಾರದ ಕೊನೆಗೆ ಮೊದಲ ಬಾರಿಗೆ ಆರು. ಅಂದು ಏನು ವಿಶೇಷವಿತ್ತೆಂದು ಕೇಳಿದರೆ ಏನೂ ಇಲ್ಲ, ಮಳೆ ಹೊಳವಾಗಿತ್ತು, ತೋಟಕ್ಕೆ ಮದ್ದು ಬಿಡುವವರು ಬಂದಿದ್ದರು, ಇವನು ಡ್ರಮ್ಮಿನಲ್ಲಿ ಮೈಲುತುತ್ತು ಸುಣ್ಣ ಕದಡಿ ಬೋರ್ಡೋ ದ್ರಾವಣ ಮಾಡಿಕೊಡುತ್ತಾ ಮಧ್ಯಾಹ್ನದವರೆಗೆ ಅಂಗಳದಲ್ಲಿದ್ದ, ಆಮೇಲೆ ಮೂರು ಸಲ ಅನ್ನ ಹಾಕಿಸಿಕೊಂಡ. ದೇಹಶ್ರಮ ನಿದ್ದೆಗೂ ಮನಸ್ಸಿಗೂ ಒಳ್ಳೆಯದೆಂದು ವೈದ್ಯರು ಮೊದಲೇ ಹೇಳಿದ್ದರು. ಮರುದಿನ ಅಂಕ ಮತ್ತೆ ಮೂರಕ್ಕೆ ಇಳಿದಿತ್ತು. ಏರಿದ್ದು ಇಳಿಯುವುದು, ಇಳಿದದ್ದು ಏರುವುದು ಎರಡೂ ಕಾಗದದ ಮೇಲೆ ಕಾಣುತ್ತಿದ್ದುದರಿಂದ, ಇಳಿದ ದಿನ ಅವನು ಹಿಂದಿನ ಪುಟ ತಿರುವಿ ನೋಡುತ್ತಿದ್ದ.

ಹಿಂತೆಗೆತಕ್ಕೆಂದೇ ಅಂಗೀಕೃತವಾದ ಔಷಧವಿಲ್ಲ. ಸಮಾಲೋಚನೆ ಮತ್ತು ಮನೋಚಿಕಿತ್ಸೆಯೇ ಮುಖ್ಯ, ನಿದ್ದೆಗೋ ಆತಂಕಕ್ಕೋ ಅಗತ್ಯವಿದ್ದರೆ ವೈದ್ಯರು ಸ್ವಲ್ಪ ಕಾಲಕ್ಕೆ ಮದ್ದು ಕೊಡುತ್ತಾರೆ. ಪರಿಚಯದ ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತರಿಸುವುದು, ಗೆಳೆಯರು ಹೇಳಿದಂತೆ ಒಂದು ಬಿಯರ್ ಹಾಕಿ ಮಲಗುವುದು, ಇವೆರಡೂ ಒಂದು ವ್ಯಸನವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ದಾರಿಗಳು. ತಂಬಾಕಿನ ವಿಷಯವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಗಾಂಜಾವನ್ನು ಹೆಚ್ಚಾಗಿ ಸಿಗರೇಟಿನ ತಂಬಾಕಿಗೆ ಬೆರೆಸಿ ಸೇದುವುದರಿಂದ, ಗಾಂಜಾ ನಿಂತ ದಿನವೇ ನಿಕೋಟಿನ್ ಕೂಡ ನಿಲ್ಲುತ್ತದೆ ಅಥವಾ ಕಡಿಮೆಯಾಗುತ್ತದೆ. ನಿಕೋಟಿನ್ ನಿಂತದ್ದರ ಸಿಡುಕೂ ನಿದ್ರಾಭಂಗವೂ ಗಾಂಜಾದ್ದರ ಜೊತೆ ಸೇರಿಕೊಳ್ಳುತ್ತವೆ. ವೈದ್ಯರು ಮೊದಲು ಕೇಳಿದ ಪ್ರಶ್ನೆಗಳಲ್ಲಿ ಅದೂ ಒಂದು. ಅವನಿಗೆ ನಿಕೋಟಿನ್ ಚ್ಯೂಯಿಂಗ್ ಗಮ್ ಬರೆದುಕೊಟ್ಟರು.

ಮನೆಯವರ ಪಾಲಿನ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ಮೂರನೆಯ ವಾರ ನನ್ನ ಭಾವ, ಹುಡುಗನ ಅಪ್ಪ, ಮೂತ್ರಪರೀಕ್ಷೆಯ ಕಿಟ್ ಹಿಡಿದುಕೊಂಡು ಬಂದರು. ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿತು. ಗರ್ಭಪರೀಕ್ಷೆಯ ಪಟ್ಟಿಯ ಅಭ್ಯಾಸವಿರುವವರಿಗೆ ಇದು ತಲೆಕೆಳಗು: ಇದರಲ್ಲಿ ಎರಡು ಗೆರೆ ಬಂದರೆ ವಸ್ತುವಿಲ್ಲ, ಒಂದೇ ಬಂದರೆ ಇದೆ ಎಂದರ್ಥ. ಭಾವ ಸೂಚನೆಯ ಕಾಗದವನ್ನು ಎರಡು ಸಲ ಓದಿ, ಕದ್ದು ಸೇದುತ್ತಿದ್ದಾನೆಂದು ಜಗಲಿಯಲ್ಲಿಯೇ ಎದ್ದು ನಿಂತರು. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ವರ್ಷಗಟ್ಟಲೆ ದಿನವೂ ಸೇದಿದವನ ಮೈಕೊಬ್ಬಿನಿಂದ ಅದು ಮೆಲ್ಲಮೆಲ್ಲನೆ ಹೊರಬರುತ್ತಾ ಇರುವುದರಿಂದ, ಬಿಟ್ಟು ಹಲವು ವಾರಗಳಾದ ಮೇಲೂ, ಕೆಲವರಲ್ಲಿ ತಿಂಗಳು ಕಳೆದ ಮೇಲೂ, ಮೂತ್ರದಲ್ಲಿ ಅದರ ಗುರುತು ಸಿಗುತ್ತದೆ. ಅಂದು ನಾನು ವೈದ್ಯರಿಗೆ ಫೋನ್ ಮಾಡಿ ಭಾವನ ಕೈಗೆ ಕೊಡದೆ ಹೋಗಿದ್ದರೆ ಹುಡುಗ ಅಂದಿನ ಬಸ್ಸಿನಲ್ಲಿಯೇ ಬೆಂಗಳೂರಿಗೆ ಹೊರಟುಬಿಡುತ್ತಿದ್ದ. ದೇವರ ಮುಂದೆ ಆಣೆ ಹಾಕಿಸುವುದೂ ನಮ್ಮಲ್ಲಿ ಸಾಮಾನ್ಯ. ಆಣೆಗೆ ನಾನು ವಿರೋಧಿಯಲ್ಲ. ಆದರೆ ಮೊದಲ ವಾರದ ಬೆವರು, ನಿದ್ದೆಗೇಡುಗಳ ಬಗ್ಗೆ ಒಂದಕ್ಷರವನ್ನೂ ತಿಳಿಸದೆ ಆಣೆಯನ್ನಷ್ಟೇ ಹಾಕಿಸಿದರೆ, ಮುರಿದ ದಿನ ಅವನಿಗೆ ಮೊದಲಿದ್ದ ಕುಗ್ಗಿನ ಮೇಲೆ ಪಾಪಭೀತಿಯೂ ಸೇರಿ ಎರಡು ಹೊರೆಯಾಗುತ್ತದೆ.

ಪೊಲೀಸರ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯಿದೆಯ ಪ್ರಕಾರ ಸೇವನೆ ಅಪರಾಧ ನಿಜ, ಆದರೆ ಅದೇ ಕಾಯಿದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ವಸ್ತುವಿಗೆ ಸಂಬಂಧಿಸಿದ ಆರೋಪ ಹೊತ್ತ ವ್ಯಸನಿ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ, ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕೆಂಬ ಷರತ್ತಿನೊಂದಿಗೆ. ಕೇರಳದಲ್ಲಿ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಚಿಕಿತ್ಸಾ ಕೇಂದ್ರಗಳಿವೆ, ನಮ್ಮ ಜಿಲ್ಲೆಯದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಆದರೂ ಈ ಕಡೆಯವರು ಮಂಗಳೂರಿನ ಬಸ್ಸು ಹತ್ತುವುದಕ್ಕೆ ದಾರಿಯ ಅಭ್ಯಾಸವೊಂದೇ ಕಾರಣವಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ ನಮಗೆ ಮಲೆಯಾಳ ಧಾರಾಳ ಸಾಕು. ಬೆಳಿಗ್ಗೆ ಏಳುವಾಗ ಏಳುವುದೇ ಬೇಡವೆನಿಸುತ್ತದೆ ಎಂಬುದನ್ನು ಅಪರಿಚಿತರೊಬ್ಬರ ಮುಂದೆ ಬಾಯಿಬಿಟ್ಟು ಹೇಳಲು ಮನೆಯ ಮಾತೇ ಬೇಕಾಗುತ್ತದೆ. ಮಂಗಳೂರಿಗೆ ಹೋಗಲಾಗದವರಿಗೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ಸಿಗುತ್ತದೆ.

ಕಾಯಬೇಕು ಎಂದದ್ದಕ್ಕೆ ಮಿತಿಯೂ ಇದೆ. ಸಾಯಬೇಕೆಂಬ ಯೋಚನೆ ಬಂದರೆ, ಯಾರೋ ಮಾತಾಡಿದಂತೆ ಕೇಳಿಸಿದರೆ, ಮನೆಯವರೇ ತನಗೆ ಕೇಡು ಬಗೆಯುತ್ತಿದ್ದಾರೆಂಬ ಸಂಶಯ ಹಿಡಿದರೆ, ಒಂದು ವಾರವನ್ನೂ ಕಾಯದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಂಥದ್ದೇನೂ ಇಲ್ಲದಿದ್ದರೂ, ನಾಲ್ಕು ವಾರ ಕಳೆದ ಮೇಲೂ ಮಂಕು ಹಾಗೆಯೇ ಉಳಿದರೆ ಅದನ್ನು ಹಿಂತೆಗೆತದ ಖಾತೆಗೆ ಬರೆಯಲಾಗದು.

ನನ್ನ ಅಳಿಯನ ವಿಷಯದಲ್ಲಿ ಆದದ್ದು ಅದೇ. ಬೆವರು, ಸಿಡುಕು, ಚಡಪಡಿಕೆ ಹೋದವು, ಹಸಿವು ಬಂತು, ನಿದ್ದೆಯೂ ಬಹುಮಟ್ಟಿಗೆ ಬಂತು. ಬೆಳಗಿನ ಹೊತ್ತಿನ ಒಂದು ಬಗೆಯ ಖಾಲಿತನ ಮಾತ್ರ ಕದಲಲಿಲ್ಲ. ಪುಸ್ತಕದ ಅಂಕಗಳು ಐದರ ಮೇಲೆ ನಿಲ್ಲಲಿಲ್ಲ. "ಮಾವ, ಇದು ಬಿಟ್ಟದ್ದರಿಂದ ಬಂದದ್ದಲ್ಲ. ಪಿಯುಸಿಯಲ್ಲಿಯೇ ಇತ್ತು, ಆಗ ನಾನು ಯಾರಿಗೂ ಹೇಳಿರಲಿಲ್ಲ" ಎಂದ. ಗಾಂಜಾ ಅದರ ಮೇಲೆ ಎಷ್ಟು ವರ್ಷ ಮುಚ್ಚಳವಾಗಿ ಕೂತಿತ್ತೋ, ಅಥವಾ ಅದನ್ನು ಎಷ್ಟು ಬೆಳೆಸಿತ್ತೋ, ಈಗ ಬಿಡಿಸಿ ನೋಡುವಂತಿಲ್ಲ. ವೈದ್ಯರು ಅದನ್ನು ಬೇರೆಯೇ ಖಿನ್ನತೆಯೆಂದು ಗುರುತಿಸಿ ಮದ್ದು ಶುರು ಮಾಡಿದ್ದಾರೆ. ಈ ಮದ್ದುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರಗಳು ಬೇಕು, ನಡುವೆ ತಾನಾಗಿ ನಿಲ್ಲಿಸಬಾರದೆಂದು ಅವನಿಗೂ ಭಾವನಿಗೂ ಸೇರಿಸಿಯೇ ಹೇಳಿದ್ದಾರೆ. ಸಿಗರೇಟನ್ನು ಪೂರ್ತಿ ಬಿಡುವ ವಿಚಾರ ಮುಂದಿನ ಭೇಟಿಗೆ ಉಳಿದಿದೆ.