ಮಾತ್ರೆ ನುಂಗಿದವರಿಗೆ ಯಾರೂ ಹೇಳಲಿಲ್ಲ

30 ಸೆಪ್ಟೆಂಬರ್ 2024, ಸೋಮವಾರ

ಇವತ್ತಿಗೆ ಸರಿಯಾಗಿ 20 ವರ್ಷ. 2004ರ ಇದೇ ದಿನ ಅಮೆರಿಕದ ಮರ್ಕ್ ಎಂಬ ಔಷಧ ಕಂಪನಿ, ಹೃದಯಕ್ಕೆ ಅಪಾಯ ಅಂತ, ತನ್ನ ವಯಾಕ್ಸ್ ಎಂಬ ಕೀಲುನೋವಿನ ಮಾತ್ರೆಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಬೆಳಿಗ್ಗೆಯಿಂದ ಆ ಕಥೆಯನ್ನೇ ಓದುತ್ತಾ ಕೂತಿದ್ದೇನೆ. ತಲೆ ಬಿಸಿಯಾಗಿದೆ.

ಕೀಲುನೋವು ಸಾಮಾನ್ಯವಾಗಿ ಜೀವ ತೆಗೆಯುವ ಕಾಯಿಲೆ ಅಲ್ಲ. ನನಗೆ ಸಿಟ್ಟು ಜಾಸ್ತಿ ಬರುವುದೇ ಅದಕ್ಕೆ. ಮೆಟ್ಟಿಲು ಹತ್ತುವಾಗ ಮಂಡಿ ನೋಯದಿದ್ದರೆ ಸಾಕು ಅಂತ ಮಾತ್ರೆ ನುಂಗಿದವರು ಇವರು. ಹಳೆಯ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತಿದ್ದವು. ಇದು ಹೊಟ್ಟೆಗೆ ಅಷ್ಟು ತೊಂದರೆ ಕೊಡುವುದಿಲ್ಲ ಅಂತ 1999ರಲ್ಲಿ ಬಂತು. ಆ ಮಾತು ಸುಳ್ಳೂ ಅಲ್ಲ. ಮುಚ್ಚಿಟ್ಟಿದ್ದು ಬೇರೆಯದು.

ಸುಮಾರು 8,000 ರೋಗಿಗಳ ಮೇಲೆ ಕಂಪನಿಯೇ ಒಂದು ಪರೀಕ್ಷೆ ಮಾಡಿಸಿತು. ಅರ್ಧ ಜನಕ್ಕೆ ವಯಾಕ್ಸ್, ಇನ್ನರ್ಧ ಜನಕ್ಕೆ ನ್ಯಾಪ್ರೋಕ್ಸೆನ್ ಎಂಬ ಹಳೆಯ ಮಾತ್ರೆ. ವಯಾಕ್ಸ್ ತಗೊಂಡವರಲ್ಲಿ ಹೃದಯಾಘಾತ ಹೆಚ್ಚು ಕಂಡಿತು. ಕಂಪನಿ ಏನಂದಿತು ಗೊತ್ತಾ? ನಮ್ಮ ಮಾತ್ರೆಯಿಂದ ಏನೂ ಕೆಟ್ಟದ್ದಾಗಿಲ್ಲ, ಆ ಹಳೆಯ ಮಾತ್ರೆಯೇ ಹೃದಯವನ್ನು ಕಾಪಾಡುತ್ತೆ, ಹಾಗಾಗಿ ಲೆಕ್ಕ ಹಾಗೆ ಕಾಣುತ್ತೆ ಅಂತ. ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟ ಮೂರನೇ ಗುಂಪು ಆ ಪರೀಕ್ಷೆಯಲ್ಲಿ ಇರಲೇ ಇಲ್ಲ. ಹಾಗಾಗಿ ಆ ಮಾತನ್ನು ತಳ್ಳಿಹಾಕಲು ಕೈಯಲ್ಲಿ ಪುರಾವೆ ಇರಲಿಲ್ಲ. ಜಾಣ ಉತ್ತರ, ಅಲ್ವಾ?

2000ದ ನವೆಂಬರಿನಲ್ಲಿ ಇದರ ವರದಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಮೂರು ಹೃದಯಾಘಾತಗಳು ಬಿಟ್ಟುಹೋಗಿದ್ದವು. ಅಚ್ಚಾಗುವ ಎಷ್ಟೋ ಮೊದಲೇ ಬರೆದವರಲ್ಲಿ ಕನಿಷ್ಠ ಇಬ್ಬರಿಗೆ ಅದು ಗೊತ್ತಿತ್ತು ಅಂತ ಆ ಪತ್ರಿಕೆಯ ಸಂಪಾದಕರೇ 2005ರ ಡಿಸೆಂಬರಿನಲ್ಲಿ ಬರೆದರು. ಅಷ್ಟು ಹೊತ್ತಿಗೆ ಮಾತ್ರೆ ಮಾರುಕಟ್ಟೆಯಲ್ಲೇ ಇರಲಿಲ್ಲ. ಹೃದಯದ ಅಪಾಯವನ್ನು ಗೌಣ ಮಾಡಿ ಪ್ರಚಾರ ಮಾಡುತ್ತಿದ್ದೀರಿ ಅಂತ ಔಷಧಿಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2001ರಲ್ಲೇ ಕಂಪನಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಆದರೂ ಮಾರಾಟ ನಡೆಯಿತು.

ಎಲ್ಲ ಔಷಧಿಗೂ ಅಡ್ಡಪರಿಣಾಮ ಇದ್ದೇ ಇರುತ್ತೆ. ಅದಕ್ಕೆ ಯಾರ ಮೇಲೂ ಕೋಪ ಮಾಡಿಕೊಳ್ಳಲಾಗದು. ಮಂಡಿನೋವು ತಡೆದುಕೊಳ್ಳಲಾ, ಹೃದಯದ ಅಪಾಯ ತಗೊಳ್ಳಲಾ ಅಂತ ತೀರ್ಮಾನ ಮಾಡಬೇಕಾದವನು ರೋಗಿ. ಆ ತೀರ್ಮಾನವನ್ನು ಅವನಿಗೆ ಹೇಳದೆ ಬೇರೆಯವರು ಮಾಡಿಬಿಟ್ಟರು. ಪಾಪ, ಎದುರು ಕೂತ ಡಾಕ್ಟರಿಗೂ ಪೂರ್ತಿ ಗೊತ್ತಿರಲಿಲ್ಲ. ಅನುಮಾನ ಬಂದು ಕೇಳಿದ ಡಾಕ್ಟರುಗಳಿಗೆ ಏನು ಉತ್ತರ ಕೊಡಬೇಕು ಅಂತ, ಡಾಕ್ಟರುಗಳ ಹತ್ತಿರ ಹೋಗಿ ಮಾತ್ರೆಯ ಪ್ರಚಾರ ಮಾಡುವ ಕಂಪನಿಯ ರೆಪ್‌ಗಳಿಗೆ ತರಬೇತಿ ಇತ್ತು. ಆ ತರಬೇತಿಯ ಒಂದು ಆಟದ ಹೆಸರೇ 'ಡಾಡ್ಜ್ ಬಾಲ್ ವಯಾಕ್ಸ್'. ಡಾಕ್ಟರು ಕೇಳಬಹುದಾದ ಪ್ರಶ್ನೆಗಳ ಪಟ್ಟಿ, ಕೊನೆಯ ಪುಟಗಳಲ್ಲಿ ಒಂದೇ ಮಾತು: ಡಾಡ್ಜ್, ಅಂದರೆ ತಪ್ಪಿಸಿಕೋ! ಇದನ್ನು ಬರೆದವರು ಆ ಸಂಜೆ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿರುತ್ತಾರೆ.

ಮಧ್ಯಾಹ್ನ ಫೋನಿನಲ್ಲಿ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ನನ್ನ ಬಿಪಿ ಮಾತ್ರೆನೂ ಬಿಟ್ಟುಬಿಡ್ತೀನಿ, ಎಲ್ಲರೂ ಕಳ್ಳರೇ" ಅಂದಳು. ಎದೆ ಧಸಕ್ಕೆಂದಿತು. ನಿನ್ನದು ದಶಕಗಳಿಂದ ಬಳಕೆಯಲ್ಲಿರುವ ಮಾತ್ರೆ, ತಯಾರಿಸುವ ಕಂಪನಿಗೆ ಸಂಬಂಧವೇ ಇಲ್ಲದವರೂ ಪರೀಕ್ಷೆ ಮಾಡಿದ್ದಾರೆ, ಡಾಕ್ಟರನ್ನು ಕೇಳದೆ ಬಿಡಬೇಡ ಅಂತ ಹೇಳಿದೆ. "ಆ ಡಾಕ್ಟರಿಗೆ ಯಾರು ಹೇಳಿರ್ತಾರೆ?" ಅಂತ ಕೇಳಿದಳು. ಸರಿಯಾದ ಪ್ರಶ್ನೆಯೇ. ಈ ಕಂಪನಿಗಳು ಮಾಡಿದ ಹಾನಿ ಆ ಒಂದು ಮಾತ್ರೆಗೇ ನಿಲ್ಲುವುದಿಲ್ಲ. ಜೀವ ಉಳಿಸುವ ಮಾತ್ರೆಯನ್ನೂ ಜನ ಅನುಮಾನದಿಂದ ನೋಡುತ್ತಾರೆ. ಆ ಹಾನಿಗೆ ಯಾವ ಕೋರ್ಟೂ ದಂಡ ಹಾಕಿಲ್ಲ.

ದಂಡ ಅಂದಾಗ ನೆನಪಾಯಿತು. 2003ರಲ್ಲಿ ವಯಾಕ್ಸ್ ಒಂದರಿಂದಲೇ ಕಂಪನಿಗೆ ಬಂದದ್ದು ಸುಮಾರು 250 ಕೋಟಿ ಡಾಲರ್. 2007ರಲ್ಲಿ ಸಾವಿರಾರು ರೋಗಿಗಳ ಮೊಕದ್ದಮೆ ಮುಗಿಸಲು ಒಪ್ಪಿದ್ದು 485 ಕೋಟಿ ಡಾಲರ್. ಎರಡು ವರ್ಷದ ಮಾರಾಟದ ಹಣ, ಅಷ್ಟೇ. ಆ ಒಪ್ಪಂದದಲ್ಲಿ ತಪ್ಪು ಒಪ್ಪಿಕೊಳ್ಳಲಿಲ್ಲ. ಎಫ್‌ಡಿಎಯ ಒಳಗೇ ಇದ್ದ ಡೇವಿಡ್ ಗ್ರಹಾಂ ಎಂಬ ವಿಜ್ಞಾನಿ 2004ರಲ್ಲಿ ಅಮೆರಿಕದ ಸೆನೆಟ್ ಮುಂದೆ ಕೊಟ್ಟ ಅಂದಾಜು: ಈ ಮಾತ್ರೆಯಿಂದ ಗಂಭೀರ ಹೃದಯ ತೊಂದರೆಗೆ ಸಿಕ್ಕಿದವರು 88,000ದಿಂದ 1,39,000.

ಇನ್ನೊಂದು ವಿಷಯ ಓದಿದ ಮೇಲಂತೂ ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದೆ. 485 ಕೋಟಿ ಡಾಲರಿನ ಆ ಪರಿಹಾರದಲ್ಲಿ ಪಾಲು ಸಿಗಬೇಕಾದರೆ ರೋಗಿ ಕಡೇಪಕ್ಷ 30 ಮಾತ್ರೆ ತಗೊಂಡಿದ್ದಕ್ಕೆ ದಾಖಲೆ ತೋರಿಸಬೇಕಿತ್ತು. ಹೃದಯಾಘಾತಕ್ಕೆ ಮುಂಚಿನ 14 ದಿನಗಳ ಒಳಗೂ ಮಾತ್ರೆ ತಗೊಂಡಿರಬೇಕಿತ್ತು. ಮೂರು ಹೃದಯಾಘಾತ ಲೆಕ್ಕಕ್ಕೆ ಸೇರಿಸದವರು, ರೋಗಿಯ ಮನೆಯವರ ಹತ್ತಿರ ಒಂದೊಂದು ಮಾತ್ರೆಗೂ ಲೆಕ್ಕ ಕೇಳಿದರು. ಸತ್ತವರ ಔಷಧಿ ಚೀಟಿಯನ್ನು ಯಾರು ತಾನೇ ಜೋಪಾನವಾಗಿ ಎತ್ತಿಟ್ಟಿರುತ್ತಾರೆ?