ಅದೇ ಪಾಪ ಮೂರನೇ ಸಲ ಹೇಳಿದಾಗ

ಅಮ್ಮನಿಗೆ ಬಲಗಣ್ಣು ಕಾಣಲ್ಲ. ಗ್ಲಕೋಮಾ. ಕಣ್ಣೊಳಗಿನ ಪ್ರೆಶರ್ ಏರಿ ನರ ಸ್ವಲ್ಪ ಸ್ವಲ್ಪಾನೇ ಹಾಳಾಗ್ತಾ ಹೋಗುತ್ತೆ, ನೋವಿಲ್ಲ, ಉರಿಯಿಲ್ಲ, ಗೊತ್ತಾಗೋ ಹೊತ್ತಿಗೆ ಹೋದ ದೃಷ್ಟಿ ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿದ್ರು. ಆದ್ರೆ ನಮಗೆ ಏನೂ ಗೊತ್ತೇ ಇರಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಎರಡು ವರ್ಷ ಮುಂಚೆನೇ ಅಮ್ಮ ಹೇಳಿದ್ಲು, ಪಕ್ಕದಿಂದ ಯಾರಾದ್ರೂ ಬಂದ್ರೆ ಗೊತ್ತಾಗಲ್ಲ ಕಣೋ, ಬಾಗಿಲಿಗೆ ಭುಜ ತಗಲಿಸ್ಕೋತೀನಿ ಅಂತ. ವಯಸ್ಸಾಯ್ತಲ್ಲಮ್ಮ, ಕನ್ನಡಕ ಬದಲಾಯಿಸಿದ್ರೆ ಸರಿಹೋಗುತ್ತೆ, ಈ ತಿಂಗಳು ಆಫೀಸಲ್ಲಿ ಕೆಲ್ಸ ಜಾಸ್ತಿ, ಮುಂದಿನ ತಿಂಗಳು ಹೋಗೋಣ ಅಂದೆ. ಆ ಮುಂದಿನ ತಿಂಗಳು ಬರೋಕೆ ಎರಡು ವರ್ಷ ಆಯ್ತು.

ಈಗ ಎಡಗಣ್ಣು ಉಳ್ಕೊಂಡಿದೆ, ಅದಕ್ಕೆ ದಿನಾ ಬೆಳಿಗ್ಗೆ ರಾತ್ರಿ ಡ್ರಾಪ್ಸ್ ಹಾಕಬೇಕು, ಜೀವನಪೂರ್ತಿ. ಫೋನಲ್ಲಿ ಅಲಾರಂ ಇಟ್ಟಿದ್ದೆ, ಅದು ಮಿಸ್ ಆದ್ರೆ ಅಂತ ಹತ್ತು ನಿಮಿಷಕ್ಕೆ ಇನ್ನೊಂದು. ಹಾಕಿದ ಮೇಲೂ ಸಮಾಧಾನ ಇಲ್ಲ, ಹನಿ ಸರಿಯಾಗಿ ಕಣ್ಣೊಳಗೆ ಬಿತ್ತಾ ಕೆನ್ನೆ ಮೇಲೆ ಇಳಿದುಹೋಯ್ತಾ ಅಂತ ಮತ್ತೆ ಮತ್ತೆ ಕೇಳ್ತಿದ್ದೆ. ರಾತ್ರಿ ಎರಡು ಗಂಟೆಗೆ ಎದ್ದು ಹಾಲಲ್ಲಿ ಕತ್ತಲಲ್ಲೇ ಕೂರ್ತಿದ್ದೆ. ಒಂದು ಕಣ್ಣು ಮುಚ್ಚಿ ಟೀವಿ ಕಡೆ ನೋಡೋದು, ಅಮ್ಮನಿಗೆ ಎಷ್ಟು ಕಾಣ್ತಿರಬಹುದು ಅಂತ. ಹಿಂದಿನದಕ್ಕೆ ಅಪರಾಧ ಪ್ರಜ್ಞೆ, ಮುಂದಿನದಕ್ಕೆ ಭಯ, ಎರಡೂ ಸೇರಿ ನನ್ನ ಹತ್ರ ಇವತ್ತು ಅನ್ನೋದೇ ಇರಲಿಲ್ಲ.

ಆಗಸ್ಟ್ 29ಕ್ಕೆ ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನವರ ಚರ್ಚಲ್ಲಿ ಕೊಡಿ, ಅಂದ್ರೆ ಹಬ್ಬದ ಬಾವುಟ, ಏರುತ್ತೆ. ನಮ್ಮ ಮನೇಲಿ ವರ್ಷದ ಲೆಕ್ಕವೇ ಆ ದಿನದಿಂದ. ಅಲ್ಲಿಂದ ನೊವೆನಾ, ಅಂದ್ರೆ ಒಂಬತ್ತು ದಿನದ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಯೇಸುವಿನ ತಾಯಿ ಮರಿಯಮ್ಮನವರ ಜನನೋತ್ಸವ, ಸಾಯಂಕಾಲ ತೇರು. ಈಗಿರೋ ಗುಡಿ ಕಟ್ಟಿ ಮುಗಿಸಿ ಆಶೀರ್ವದಿಸಿದ್ದು 1882ರ ಅದೇ ಸೆಪ್ಟೆಂಬರ್ 8ರಂದು, ಆಮೇಲೆ 1970ರ ದಶಕದಲ್ಲಿ ಪೋಪ್ ಆರನೇ ಪೌಲರ ಕಾಲಕ್ಕೆ ಬೆಸಿಲಿಕಾ ಅನ್ನೋ ವಿಶೇಷ ಪದವಿ ಸಿಕ್ತು, ಆದ್ರೆ ನಮ್ಮ ಅಜ್ಜಿ ಕೊನೇವರೆಗೂ ಮಾತೆ ಗುಡಿ ಅಂತಲೇ ಅಂತಿದ್ದಿದ್ದು. ಆ ದಿನಗಳಲ್ಲಿ ರಸೆಲ್ ಮಾರ್ಕೆಟ್ ಕಡೆಯಿಂದ ನಡ್ಕೊಂಡು ಬಂದ್ರೆ ಎಲ್ಲಿ ನೋಡಿದ್ರೂ ಕಾವಿ ಬಣ್ಣ, ಕಾವಿ ಸೀರೆ ಉಟ್ಟವರು, ಕಾವಿ ಶರ್ಟ್ ಹಾಕಿದ ಸಣ್ಣ ಮಕ್ಕಳು, ಕೈಯಲ್ಲಿ ಮೇಣದ ಬತ್ತಿ. ಕ್ರೈಸ್ತರಲ್ಲದವರೂ ಬರ್ತಾರೆ, ಚಪ್ಪಲಿ ಬಿಟ್ಟು ಕೈಮುಗಿದು ನಿಲ್ತಾರೆ. ನಂಗೆ ಚಿಕ್ಕಂದಿನಿಂದ ಅದು ಬಹಳ ಇಷ್ಟ, ಅಲ್ಲಿ ಯಾರೂ ಯಾರನ್ನೂ ನೀನ್ಯಾರು ಅಂತ ಕೇಳಲ್ಲ, ಮರಿಯಮ್ಮನಿಗೂ ಸೀರೆ ಉಡಿಸಿರ್ತಾರೆ, ನಮ್ಮನೆ ಹೆಂಗಸರ ಥರಾನೇ.

ಈ ಸಲ ಅಮ್ಮ ಒಂಬತ್ತು ದಿನ ಕಾವಿ ಸೀರೆ ಉಡ್ತೀನಿ ಅಂತ ಹರಕೆ ಹೊತ್ತಿದ್ಲು. ಕಣ್ಣಿಗೇ ಇರಬೇಕು ಅನ್ಕೊಂಡು ನಾನೂ ಕೇಳಲಿಲ್ಲ. ನೊವೆನಾದ ಐದನೇ ದಿನ ಆಫೀಸಿಂದ ಬೇಗ ಬಂದು ರಾಜಾಜಿನಗರದಿಂದ ಬಸ್ಸಲ್ಲಿ ಕರ್ಕೊಂಡು ಹೋದೆ. ಕನ್ನಡ ಬಲಿಪೂಜೆಗೆ, ಅಂದ್ರೆ ಮಾಸ್‌ಗೆ, ಇನ್ನೂ ಟೈಮಿತ್ತು, ಅಮ್ಮ ಜಪಸರ ಹಿಡ್ಕೊಂಡು ಒಳಗೆ ಕೂತ್ಲು, ನಾನು ಪಾಪನಿವೇದನೆಗೆ, ಫಾದರ್ ಹತ್ರ ತಪ್ಪು ಹೇಳ್ಕೊಂಡು ಕ್ಷಮೆ ಕೇಳೋದಕ್ಕೆ, ಹೋಗಿ ಸಾಲಲ್ಲಿ ನಿಂತೆ.

ಹೇಳಬೇಕಾಗಿದ್ದು ಅದೇ, ಅಮ್ಮ ಹೇಳಿದಾಗ ನಾನು ಕಿವಿಗೆ ಹಾಕ್ಕೊಳ್ಳದೇ ಇದ್ದಿದ್ದು. ಹೋದ ವರ್ಷ ಕ್ರಿಸ್ಮಸ್‌ಗೆ ಮುಂಚೆ ನಮ್ಮ ಏರಿಯಾ ಚರ್ಚಲ್ಲಿ ಹೇಳಿದ್ದೆ, ಮತ್ತೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬೇರೆ ಫಾದರ್ ಹತ್ರ ಹೇಳಿದ್ದೆ. ಇಬ್ಬರೂ ಕ್ಷಮೆಯ ಪ್ರಾರ್ಥನೆ ಹೇಳಿ ಕಳಿಸಿದ್ರು, ಮನೆಗೆ ಬರೋ ಅಷ್ಟರಲ್ಲಿ ಆ ಭಾರ ಮತ್ತೆ ಅಲ್ಲೇ ಇರ್ತಿತ್ತು. ಶಿವಾಜಿನಗರದಲ್ಲಿ ಕೂತಿದ್ದ ಫಾದರ್ ವಯಸ್ಸಾದವರು, ಪೂರ್ತಿ ಕೇಳಿಸ್ಕೊಂಡ್ರು, ಆಮೇಲೆ ಇದನ್ನ ಮುಂಚೆ ಎಲ್ಲಾದ್ರೂ ಹೇಳಿದ್ದೀಯೇನಪ್ಪಾ ಅಂತ ಕೇಳಿದ್ರು. ಎರಡು ಸಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲನೇ ಸಲಕ್ಕೇ ಕ್ಷಮೆ ಸಿಕ್ತು, ಈಗ ನೀನು ಹೇಳ್ತಿರೋದು ನೋವು, ಪಾಪ ಮುಗಿದುಹೋಗಿದೆ ಅಂದ್ರು. ಅಮ್ಮನಿಗೆ ಹೇಳಿದ್ದೀಯಾ ಅಂತನೂ ಕೇಳಿದ್ರು.

ಹೇಳಿರಲಿಲ್ಲ. ಎರಡು ಸಲ ದೇವರಿಗೆ ಹೇಳಿದ್ದೆ, ದಿನಾ ಕಣ್ಣಿಗೆ ಮದ್ದು ಹಾಕ್ತಿದ್ದೆ, ಅವಳಿಗೆ ಮಾತ್ರ ಒಂದು ಮಾತು ಹೇಳಿರಲಿಲ್ಲ.

ಪ್ರಾಯಶ್ಚಿತ್ತಕ್ಕೆ ಅವರು ಕೊಟ್ಟಿದ್ದು ಎರಡು. ಬೈಬಲಲ್ಲಿ ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ನಿಧಾನವಾಗಿ ಓದು, ಆಮೇಲೆ ಇವತ್ತೇ ಅಮ್ಮನ ಹತ್ರ ಮಾತಾಡು.

ಹೊರಗೆ ಬಂದು ಕಂಬದ ಪಕ್ಕ ನಿಂತು ಫೋನಲ್ಲೇ ಓದಿದೆ. ಎಷ್ಟೋ ಸಲ ಬಲಿಪೂಜೇಲಿ ಕೇಳಿದ ಭಾಗವೇ. ಯೇಸು ಸತ್ತು ಮತ್ತೆ ಎದ್ದ ಮೇಲಿನ ಕಥೆ. ಶಿಷ್ಯ ಪೇತ್ರ ಮತ್ತವರೆಲ್ಲ ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಕ್ಕದೆ ಬರ್ತಿರ್ತಾರೆ, ಬೆಳಗಾಗೋ ಹೊತ್ತಿಗೆ ಯೇಸುಸ್ವಾಮಿ ದಡದಲ್ಲಿ ನಿಂತಿರ್ತಾರೆ, ಬಲಗಡೆ ಬೀಸಿ ಅಂತಾರೆ, 153 ದೊಡ್ಡ ಮೀನು ಸಿಗುತ್ತೆ. ಅಲ್ಲಿ ಸ್ವಾಮಿ ಆಗಲೇ ಇದ್ದಿಲು ಹಾಕಿ ಕೆಂಡದ ಮೇಲೆ ಮೀನಿಟ್ಟಿರ್ತಾರೆ, ರೊಟ್ಟಿ ಇರುತ್ತೆ. ಕೆಂಡ ಅನ್ನೋ ಮಾತು ಬಂದಾಗ ನಾನು ನಿಂತುಬಿಟ್ಟೆ. ಯಾಕಂದ್ರೆ ಯೇಸುವನ್ನ ಹಿಡ್ಕೊಂಡು ಹೋದ ರಾತ್ರಿ ಪೇತ್ರ ಆತನನ್ನ ನಾನರಿಯೆ ಅಂತ ಮೂರು ಸಲ ಹೇಳಿದ್ದೂ ಕೆಂಡದ ಮುಂದೇನೇ, ಪ್ರಧಾನಯಾಜಕನ ಅಂಗಳದಲ್ಲಿ, ಚಳಿ ಕಾಯಿಸ್ಕೊಳ್ತಾ. ಗ್ರೀಕ್ ಮೂಲದಲ್ಲಿ ಆ ಇದ್ದಿಲ ಬೆಂಕಿಗೆ ಬಳಸಿರೋ ಪದ ಹೊಸ ಒಡಂಬಡಿಕೇಲಿ ಬರೋದೇ ಈ ಎರಡು ಕಡೆ. ಆ ವಾಸನೆ ಮೂಗಿಗೆ ಬಿದ್ದಾಗ ಪೇತ್ರನಿಗೆ ಆ ರಾತ್ರಿ ನೆನಪಾಗದೇ ಇರುತ್ತಾ? ನಂಗಂತೂ ಈಗಲೂ ಕನ್ನಡಕದಂಗಡಿ ಬೋರ್ಡ್ ನೋಡಿದ್ರೆ ಹೊಟ್ಟೆ ಹಿಂಡುತ್ತೆ.

ಸ್ವಾಮಿ ಅವನನ್ನ ಮತ್ತೆ ಅದೇ ಬೆಂಕಿ ಮುಂದೆ ಕೂರಿಸಿದ್ರು. ಆದ್ರೆ ಮೊದಲು ಊಟ. ಬನ್ನಿ ತಿನ್ನಿ ಅಂದ್ರು. ತಿಂದಾದ ಮೇಲೆ ಮಾತು, ಅದೂ ಯಾಕೆ ಹಾಗೆ ಮಾಡಿದೆ ಅಂತ ಒಂದು ಸಲವೂ ಕೇಳಲ್ಲ. ನನ್ನನ್ನ ಪ್ರೀತಿಸ್ತೀಯಾ ಅಂತ ಮೂರು ಸಲ ಕೇಳ್ತಾರೆ, ಮೂರನೇ ಸಲಕ್ಕೆ ಪೇತ್ರನಿಗೆ ದುಃಖ ಆಗುತ್ತೆ, ಸ್ವಾಮಿ ನನ್ನ ಕುರಿಗಳನ್ನ ಮೇಯಿಸು, ಅಂದ್ರೆ ನನ್ನವರನ್ನ ನೋಡ್ಕೋ, ಅಂತಾರೆ. ಮೂರು ಸಲ ಬಿಟ್ಟವನಿಗೆ ಮೂರು ಸಲ ಕೆಲಸ ಕೊಡ್ತಾರೆ.

ಯೇಸುವನ್ನ ಹಿಡಿದುಕೊಟ್ಟ ಶಿಷ್ಯ ಯೂದನೂ ಪಶ್ಚಾತ್ತಾಪ ಪಟ್ಟ, ಅದಕ್ಕೆ ತಗೊಂಡಿದ್ದ ಮೂವತ್ತು ಬೆಳ್ಳಿ ನಾಣ್ಯ ವಾಪಸ್ ಎಸೆದ, ನಾನು ನಿರಪರಾಧಿಗೆ ದ್ರೋಹ ಮಾಡಿದೆ ಅಂತ ಬಾಯ್ಬಿಟ್ಟೇ ಹೇಳಿದ. ಅವನನ್ನ ನೆನೆದ್ರೆ ನಂಗೆ ಸಂಕಟ ಆಗುತ್ತೆ. ಸ್ವಾಮಿ ಹತ್ರ ವಾಪಸ್ ಬರದೆ ಒಬ್ಬನೇ ಹೋಗಿಬಿಟ್ಟ. ಪೇತ್ರ ದಡದಲ್ಲಿ ಸ್ವಾಮಿ ಅಂತ ಗೊತ್ತಾದ ತಕ್ಷಣ ದೋಣಿ ದಡ ಸೇರೋವರೆಗೂ ಕಾಯದೆ ನೀರಿಗೆ ಹಾರಿದ. ಮುಂದೆ ಅವನ ಹೆಸರಿನ ಪತ್ರದಲ್ಲೇ ಇದೆ, ನಿಮ್ಮ ಚಿಂತೆಯನ್ನೆಲ್ಲ ದೇವರ ಮೇಲೆ ಹಾಕಿ, ಅವರಿಗೆ ನಿಮ್ಮ ಚಿಂತೆ ಇದೆ ಅಂತ. ಇಷ್ಟು ವರ್ಷ ಆ ವಾಕ್ಯ ಕ್ಯಾಲೆಂಡರಲ್ಲಿ ನೋಡಿ ಮುಂದಕ್ಕೆ ಹೋಗ್ತಿದ್ದೆ, ಅವತ್ತು ಮಾತ್ರ ಅದು ಆ ಬೆಂಕಿ ಮುಂದೆ ಕೂತೆದ್ದವನ ಮಾತಾಗಿ ಕೇಳಿಸ್ತು.

ನಾನು ಹನಿ ಹಾಕ್ತಿದ್ದಿದ್ದು ದಂಡ ಕಟ್ಟೋ ಥರ ಅಂತ ಆಗ ಗೊತ್ತಾಯ್ತು. ದಿನಕ್ಕೆರಡು ಕಂತು, ಎಷ್ಟು ಕಟ್ಟಿದ್ರೂ ಅಸಲು ಕಮ್ಮಿ ಆಗಲ್ಲ. ಅದೇ ಹನಿ, ಅದೇ ಕೈ, ಕುರಿ ಮೇಯಿಸೋಕೆ ಕೊಟ್ಟ ಕೆಲಸ ಅಂತ ಹಾಕಬಹುದಿತ್ತು.

ಬಲಿಪೂಜೆ ಮುಗೀತು, ಪರಮಪ್ರಸಾದ ತಗೊಂಡ್ವಿ. ಹೊರಗೆ ರೋಡಲ್ಲಿ ಮುಸುಕಿನ ಜೋಳ ಸುಡ್ತಿದ್ರು, ಅಮ್ಮ ಬೇಕು ಅಂದ್ಲು. ಕೆಂಡ ಬೀಸ್ತಿರೋ ಗಾಡಿ ಪಕ್ಕ ನಿಂತ್ಕೊಂಡು, ಅಮ್ಮ ನೀನು ಹೇಳಿದಾಗಲೇ ಕರ್ಕೊಂಡು ಹೋಗಬೇಕಿತ್ತು, ನನ್ನಿಂದ ತಪ್ಪಾಯ್ತು, ಕ್ಷಮಿಸು ಅಂದೆ. ಇಷ್ಟೇ ಮಾತು, ಆದ್ರೆ ಗಂಟಲು ಕಟ್ಟಿಹೋಯ್ತು. ಅಮ್ಮ ಜೋಳಕ್ಕೆ ನಿಂಬೆಹಣ್ಣು ಉಪ್ಪುಖಾರ ಜಾಸ್ತಿ ಹಚ್ಚಿಸ್ಕೊಂಡು ಒಂದು ನಿಮಿಷ ಏನೂ ಹೇಳಲಿಲ್ಲ. ಹೂಂ, ಅವತ್ತು ನಂಗೆ ಬೇಜಾರಾಗಿತ್ತು ಅಂದ್ಲು. ಅದನ್ನ ಅವಳು ಮುಚ್ಚಿಡದೆ ಹೇಳಿದ್ದು ನಂಗೆ ಒಳ್ಳೇದೇ ಆಯ್ತು, ಏನೂ ಆಗಿಲ್ಲ ಬಿಡು ಅಂದಿದ್ರೆ ನಾನು ನಂಬ್ತಿರಲಿಲ್ಲ. ಆಮೇಲೆ ನನ್ನ ಕೈ ಹಿಡ್ಕೊಂಡು, ಅದನ್ನ ನಾನು ಯಾವತ್ತೋ ಬಿಟ್ಟೆ ಕಣೋ, ನೀನು ಹಾಲಲ್ಲಿ ಕತ್ತಲಲ್ಲಿ ಕೂರೋದು ನಂಗೆ ಗೊತ್ತಾಗಲ್ಲ ಅನ್ಕೊಂಡಿದ್ಯಾ ಅಂದ್ಲು. ಈ ಸೀರೆ ನಿನ್ನ ನಿದ್ದೆಗೆ ಅಂದ್ಲು.

ಬಸ್ಸಲ್ಲಿ ಅಮ್ಮನಿಗೆ ಕಿಟಕಿ ಸೀಟು ಕೊಟ್ಟೆ. ಎಲ್ಲೆಲ್ಲಿ ಹೋಯ್ತೋ ಗೊತ್ತಿಲ್ಲ. ಎಚ್ಚರ ಆದಾಗ ನನ್ನ ತಲೆ ಅವಳ ಹೆಗಲ ಮೇಲಿತ್ತು, ಫೋನು ಅವಳ ಕೈಲಿತ್ತು, ಒಂಬತ್ತು ಗಂಟೆ ಅಲಾರಂ ಹೊಡ್ಕೊಂಡಾಗ ನನ್ನ ಜೇಬಿಂದ ತೆಗೆದು ಆಫ್ ಮಾಡಿದ್ದಾಳೆ. ಮನೆಗೆ ಹೋಗಿ ಹಾಕೋಣ, ಸ್ವಲ್ಪ ಲೇಟಾದ್ರೆ ಏನಾಗಲ್ಲ ಅಂದ್ಲು. ಆಮೇಲೆ ಆ ಒಂದೇ ಕಣ್ಣಲ್ಲಿ ಕಿಟಕಿಯಾಚೆ ದಿಟ್ಟಿಸಿ ನೋಡಿ, ಏಳೋ ಮಗಾ, ನಮ್ಮ ಸ್ಟಾಪ್ ಬಂತು ಅಂದ್ಲು.