ನರಗುಂದದ ಛತ್ರಿ

"ಹಾಗಾದರೆ ಪಾನಾ ಹೇಗೆ ಕೇಳುತ್ತಾರೆ, ಅಕ್ಕಾ?"

ಆ ಹುಡುಗ ಹೀಗೆ ಕೇಳಿ ಇವತ್ತಿಗೆ ಐದು ದಿನವಾಯಿತು. ಪಾನಾ ಎಂದರೆ ನಟ್ಟು ಬಿಗಿಯುವ ಸ್ಪ್ಯಾನರ್. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ, ಒಂಬತ್ತನೆಯ ತರಗತಿಗೆ ಸಮಾಸ ಹೇಳಿಕೊಡುವಾಗ ಅದೇ ಮಾತು ಬಂದು ಎದುರಿಗೆ ಕೂರುತ್ತಿದೆ. ಅವನು ಕೇಳಿದ್ದು ನನ್ನನ್ನು ಸೋಲಿಸುವುದಕ್ಕೆ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಗೆಲ್ಲದೆ ಮನೆಗೆ ಹೋದರೆ ಅವನಿಗೆ ಊಟ ಸೇರುವುದಿಲ್ಲ.

ನಾವು ನಾಲ್ಕು ಜನ. ತಿಂಗಳಿಗೊಂದು ಭಾನುವಾರ ಸಪ್ತಾಪುರದ ಒಂದು ಮಿರ್ಚಿ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಸೇರಿ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ 'ಸ್ಟಾರ್ ಟ್ರೆಕ್' ಬಗ್ಗೆ ಜಗಳವಾಡುತ್ತೇವೆ. ಧಾರವಾಡದಲ್ಲಿ ಕುಳಿತು ಮಾತನಾಡಲು ಕವಿತೆ ಇದೆ, ಸಂಗೀತ ಇದೆ, ಎರಡೂ ಬೇಡವೆಂದರೆ ಪಕ್ಕದ ಮನೆಯ ಕಾಂಪೌಂಡಿನ ತಕರಾರಾದರೂ ಇದೆ, ನಿಮಗೆ ಇದೇ ಬೇಕಿತ್ತೇ ಎಂದು ನನ್ನ ಗಂಡ ಪ್ರತಿ ಸಲವೂ ಕೇಳುತ್ತಾರೆ. ಪ್ರತಿ ಸಲವೂ ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಬಾ ಎಂದೂ ಹೇಳುತ್ತಾರೆ.

ಗುಂಪಿನ ಹಿರಿಯರು ಕಾಕಾ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಚಿಗರಿ ಬಸ್ಸು ಹಿಡಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎಲ್ಲರಿಗಿಂತ ಮೊದಲೇ ಬಂದು ಕುಳಿತಿರುತ್ತಾರೆ. ಎಂಬತ್ತರ ದಶಕದಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ ಹಳೆಯ ಸರಣಿಯನ್ನು ತೋರಿಸುತ್ತಿದ್ದಾಗ ನೋಡಿದವರು ನಮ್ಮಲ್ಲಿ ಅವರೊಬ್ಬರೇ. ನಾವೆಲ್ಲ ಆಮೇಲೆ ಬಂದವರು, ಅದನ್ನು ಅವರು ನೆನಪಿಸದೇ ಬಿಡುವುದಿಲ್ಲ.

ಈ ಸಲದ ಚರ್ಚೆ ಸುಲಭದ್ದೆಂದುಕೊಂಡಿದ್ದೆವು: ಒಬ್ಬೊಬ್ಬರು ಒಂದೊಂದು ಕಂತನ್ನು ಆರಿಸಬೇಕು. 1966ರ ಸೆಪ್ಟೆಂಬರಿನಲ್ಲಿ ಶುರುವಾದ ಸರಣಿ, ಅದರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸೇರಿಸಿದರೆ 900 ಕಂತುಗಳನ್ನು ದಾಟುತ್ತದೆ. ಅದರಲ್ಲಿ ಒಂದು. ಹುಡುಗ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದ. ಎಣ್ಣೆ ಕೈಯಲ್ಲೇ ಬರೆದೆವು.

ಕಾಕಾ ಬರೆದದ್ದು ಎಲ್ಲರಿಗೂ ಮೊದಲೇ ಗೊತ್ತಿತ್ತು, 'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್', 1967ರದು. ಹಿಂದಿನ ಕಾಲದ ನ್ಯೂಯಾರ್ಕಿಗೆ ಹೋದ ಹಡಗಿನ ಕ್ಯಾಪ್ಟನ್ ಕರ್ಕ್, ತಾನು ಪ್ರೀತಿಸಿದ ಹೆಂಗಸು ವಾಹನದಡಿ ಸಿಕ್ಕಿ ಸಾಯುವುದನ್ನು ತಡೆಯದೆ ನಿಲ್ಲಬೇಕು. ಅವಳು ಬದುಕಿ ಉಳಿದರೆ ಅವಳ ಶಾಂತಿ ಚಳವಳಿ ಬೆಳೆದು, ಅಮೆರಿಕ ಯುದ್ಧಕ್ಕೆ ಇಳಿಯುವುದು ತಡವಾಗಿ, ಹಿಟ್ಲರನೇ ಗೆಲ್ಲುತ್ತಾನೆ. ಓಡಿಹೋಗಿ ಅವಳನ್ನು ಉಳಿಸಲು ಹೊರಟ ಡಾಕ್ಟರನನ್ನು ಕರ್ಕ್ ತಾನೇ ಹಿಡಿದು ನಿಲ್ಲಿಸುವ ಜಾಗಕ್ಕೆ ಬಂದಾಗ ಕಾಕಾ ಮಾತು ನಿಲ್ಲಿಸಿ ಮೆಣಸಿನಕಾಯಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಪ್ರತಿ ಸಲವೂ ಅಷ್ಟೇ. ಅದರ ಹಿಂದೆ ಏನಿದೆ ಎಂದು ನಾವು ಕೇಳಿಲ್ಲ.

ಬ್ಯಾಂಕಿನವರದು 'ದಿ ಇನ್ನರ್ ಲೈಟ್', 1992. ಸತ್ತುಹೋದ ಒಂದು ಗ್ರಹದ ಶೋಧನೌಕೆ ಕ್ಯಾಪ್ಟನ್ ಪಿಕಾರ್ಡನನ್ನು ಹಿಡಿದು, ಇಪ್ಪತ್ತೈದು ನಿಮಿಷಗಳಲ್ಲಿ ಒಂದು ಇಡೀ ಬದುಕನ್ನು ಬದುಕಿಸುತ್ತದೆ. ಹೆಂಡತಿ, ಮಕ್ಕಳು, ಮೊಮ್ಮಗು, ಮುಪ್ಪು. ಎಚ್ಚರವಾದಾಗ ಅವನ ಕೈಗೆ ಉಳಿಯುವುದು ಒಂದು ಕೊಳಲು. ಕೊಳಲು ಎಂದರೆ ಮುಗಿಯಿತು, ಬ್ಯಾಂಕಿನವರು ತಾವು ಚಿಕ್ಕಂದಿನಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಎಷ್ಟು ಹತ್ತಿರದಿಂದ ಕೇಳಿದ್ದರೆಂಬುದಕ್ಕೆ ಹೋಗುತ್ತಾರೆ. ಒಮ್ಮೆ ಐದನೆಯ ಸಾಲಿನಲ್ಲಿ ಕುಳಿತಿದ್ದರು. ಈಗ ಎರಡನೆಯ ಸಾಲಿಗೆ ಬಂದಿದ್ದಾರೆ. ಒಳ್ಳೆಯವರು, ಸಾಲವನ್ನೂ ಬೇಗ ಮಂಜೂರು ಮಾಡುತ್ತಾರೆಂದು ಕೇಳಿದ್ದೇನೆ.

ಹುಡುಗನದು 'ಇನ್ ದಿ ಪೇಲ್ ಮೂನ್‌ಲೈಟ್', 1998. ಯುದ್ಧ ಗೆಲ್ಲಲು ಬಾಹ್ಯಾಕಾಶ ನಿಲ್ದಾಣದ ಕ್ಯಾಪ್ಟನ್ ಸಿಸ್ಕೊ ಸುಳ್ಳು ಸಾಕ್ಷ್ಯ ಹೆಣೆದು ಇನ್ನೊಂದು ಸಾಮ್ರಾಜ್ಯವನ್ನು ತನ್ನ ಕಡೆಗೆ ಎಳೆದುಕೊಂಡು, ಕೊನೆಯಲ್ಲಿ ತನ್ನ ತಪ್ಪೊಪ್ಪಿಗೆಯ ದಿನಚರಿಯನ್ನೇ ಅಳಿಸಿಹಾಕುವ ಕಂತು. ಒಳ್ಳೆಯ ಕಂತೇ. ಆದರೆ ಇಪ್ಪತ್ತೊಂದರ ವಯಸ್ಸಿನಲ್ಲಿ ಕೈ ಕೊಳಕು ಮಾಡಿಕೊಳ್ಳುವವರೇ ಆಳದ ಮನುಷ್ಯರಾಗಿ ಕಾಣುತ್ತಾರೆ. ನಾನು ಏನೂ ಹೇಳಲಿಲ್ಲ.

ನನ್ನ ಚೀಟಿಯಲ್ಲಿದ್ದದ್ದು 'ಡಾರ್ಮಾಕ್'. 1991. ಟಮೇರಿಯನ್ನರೆಂಬ ಜನ. ಅವರ ಮಾತಿನ ಪ್ರತಿ ಪದವನ್ನೂ ಪಿಕಾರ್ಡನ ಹಡಗಿನ ಅನುವಾದಯಂತ್ರ ಸರಿಯಾಗಿಯೇ ಅನುವಾದಿಸುತ್ತದೆ, ಆದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಏಕೆಂದರೆ ಅವರು ಆಡುವುದೆಲ್ಲ ತಮ್ಮ ಪುರಾಣದ ಪ್ರಸಂಗಗಳನ್ನು. ಸೋತೆವು ಎನ್ನುವುದಕ್ಕೆ 'ಶಾಕಾ, ಗೋಡೆಗಳು ಬಿದ್ದಾಗ'. ಕೊಡು, ತೆಗೆದುಕೋ ಎನ್ನುವುದಕ್ಕೆ 'ಟೆಂಬಾ, ತೋಳು ಚಾಚಿ'. ಅವರ ಕ್ಯಾಪ್ಟನ್ ಡೇತನ್ ಬೇರೆ ದಾರಿ ಕಾಣದೆ ಪಿಕಾರ್ಡನನ್ನು ಒಂದು ಗ್ರಹಕ್ಕೆ ಎಳೆದುಕೊಂಡು ಹೋಗುತ್ತಾನೆ. ಅಲ್ಲಿ ಇಬ್ಬರೂ ಸೇರಿ ಒಂದು ಮೃಗವನ್ನು ಎದುರಿಸಬೇಕು, ಹಾಗೆ ತಾವೇ ಒಂದು ಕಥೆಯಾಗಬೇಕು. ಡೇತನ್ ಗಾಯಗೊಂಡು ಸಾಯುವ ಮುಂಚೆ ಬೆಂಕಿಯ ಪಕ್ಕ ಕುಳಿತ ಪಿಕಾರ್ಡ್ ಅವನಿಗೆ ನಮ್ಮ ಭೂಮಿಯ ಪ್ರಾಚೀನ ಪುರಾಣದ ರಾಜ ಗಿಲ್ಗಮೆಶನ ಕಥೆ ಹೇಳುತ್ತಾನೆ. ಭಾಷೆ ಬಾರದವನು ಕಥೆ ಕೇಳುತ್ತಿರುವ ಮುಖವನ್ನು ಆ ನಟ ಅಷ್ಟು ದಪ್ಪ ಮೇಕಪ್ಪಿನ ಒಳಗಿನಿಂದ ಹೇಗೆ ಮಾಡಿದನೋ.

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಗಿರಮಿಟ್ಟಿನ ಚಮಚವನ್ನು ಕೆಳಗಿಟ್ಟ.

"ಕಥೆ ಚೆನ್ನಾಗಿದೆ, ಅಕ್ಕಾ. ಆದರೆ ಆ ಭಾಷೆ ನಡೆಯುವುದಿಲ್ಲ. ಅವರು ಬಾಹ್ಯಾಕಾಶ ನೌಕೆ ಕಟ್ಟಿದ್ದಾರೆ. ಕಟ್ಟುವಾಗ ಹದಿನಾಲ್ಕರ ಪಾನಾ ಕೊಡು ಅನ್ನಬೇಕಾಗುತ್ತದೆ. ಬರೀ ಪುರಾಣದಲ್ಲಿ ಪಾನಾ ಹೇಗೆ ಕೇಳುತ್ತಾರೆ?"

ಈ ಆಕ್ಷೇಪ ಹಳೆಯದು, ಆ ಕಂತನ್ನು ಮೆಚ್ಚುವವರೆಲ್ಲ ಒಂದಲ್ಲ ಒಂದು ದಿನ ಎದುರಿಸುವಂಥದ್ದು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಕಾಕಾ.

"ನಮ್ಮಲ್ಲಿ ಪಾನಾ ಯಾರೂ ಕೇಳುತ್ತಿರಲಿಲ್ಲಪ್ಪಾ. ಫಿಟ್ಟರ್ ಕೈ ಚಾಚುತ್ತಿದ್ದ, ಹೆಲ್ಪರ್ ಇಡುತ್ತಿದ್ದ. ತಪ್ಪು ಪಾನಾ ಇಟ್ಟರೆ ಮಾತ್ರ ಮಾತು."

ಹೇಳುತ್ತ ಅವರು ಬಲಗೈಯನ್ನು ಬೆಂಚಿನ ಕೆಳಗೆ, ಹಿಂದಕ್ಕೆ, ನೋಡದೆಯೇ ಚಾಚಿದರು. ಗಾಡಿಯ ಅಡಿಯಲ್ಲಿ ಮಲಗಿದ ಮನುಷ್ಯನ ಕೈ ಹೇಗಿರುತ್ತದೋ ಹಾಗೆ, ಅಂಗೈ ಮೇಲಾಗಿ, ಬೆರಳು ಸ್ವಲ್ಪ ಮಡಿಸಿ. ಅಲ್ಲೇ ಹಾದುಹೋಗುತ್ತಿದ್ದ ಅಂಗಡಿಯ ಹುಡುಗ ಅದರೊಳಗೆ ಬಿಲ್ಲನ್ನು ಇಟ್ಟ! ಎಲ್ಲರೂ ನಕ್ಕೆವು. ನಾನು ಕೊಡುತ್ತೇನೆ, ನಾನು ಕೊಡುತ್ತೇನೆ ಎಂದು ಹುಡುಗ ಮೊಬೈಲ್ ತೆಗೆದ. ಕಾಕಾ ಕೇಳಲಿಲ್ಲ, ಬಂದದ್ದು ನನ್ನ ಕೈಗೆ ಎಂದು ತಾವೇ ಕೊಟ್ಟರು. ಮುಂದಿನ ಸಲ ನನ್ನದು ಎಂದು ಹುಡುಗ ಮುಖ ಸಣ್ಣದು ಮಾಡಿಕೊಂಡ.

ಆದರೆ ನಾನು 'ಡಾರ್ಮಾಕ್' ಆರಿಸಿದ ಕಾರಣ ಬೇರೆಯೇ ಇತ್ತು, ಅದನ್ನು ಅಲ್ಲಿ ಹೇಳಿರಲಿಲ್ಲ.

ನಾನು ತುಮಕೂರು ಕಡೆಯವಳು. ಹದಿನಾಲ್ಕು ವರ್ಷಗಳ ಹಿಂದೆ ಮದುವೆಯಾಗಿ ಧಾರವಾಡಕ್ಕೆ ಬಂದೆ. ಕನ್ನಡ ಎಂ.ಎ. ಮಾಡಿದವಳು, ಕನ್ನಡವನ್ನೇ ಕಲಿಸುವವಳು. ಬಂದ ಮೊದಲ ತಿಂಗಳಲ್ಲಿ ಪಕ್ಕದ ಮನೆಯವರು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸಿದರು. ಬರಿದಾದ ಡಬ್ಬಿಯನ್ನು ಹಾಗೆಯೇ ಕಳಿಸಬಾರದೆಂದು ಅತ್ತೆ ಅದರಲ್ಲಿ ಕರದಂಟು ಹಾಕಿ ಕಳಿಸಿದರು. ಮರುದಿನ ಅದೇ ಡಬ್ಬಿ ಚಕ್ಕುಲಿ ತುಂಬಿಕೊಂಡು ಬಂತು. ಬಾಗಿಲಲ್ಲಿ ನಿಂತ ಅತ್ತೆ ಒಂದೇ ಮಾತು ಹೇಳಿದರು: "ನರಗುಂದದ ಛತ್ರಿ." ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.

ನರಗುಂದ ಗೊತ್ತು, ಛತ್ರಿ ಗೊತ್ತು, ನಡುವಿನ ಷಷ್ಠಿ ವಿಭಕ್ತಿಯಂತೂ ಮೊದಲೇ ಗೊತ್ತು. ಅನುವಾದಯಂತ್ರ ತನ್ನ ಕೆಲಸ ಮಾಡಿತ್ತು.

ಆಮೇಲೆ ಅದನ್ನು ಎಷ್ಟೋ ಸಲ ಕೇಳಿದೆ. ಖಾನಾವಳಿಯಲ್ಲಿ ಇಬ್ಬರು ಮಾವಂದಿರು ಬಿಲ್ಲಿಗಾಗಿ ಕೈ ಕೈ ಹಿಡಿದುಕೊಂಡಾಗ. ಸಾಲ ತೀರಿಸಿದ್ದಕ್ಕೆ ಅಭಿನಂದನೆ ಹೇಳಿ, ಹೊಸ ಸಾಲಕ್ಕೆ ತಾವು ಅರ್ಹರು ಎಂಬ ಪತ್ರ ಬಂದಾಗ. ಮೊದಲ ವರ್ಷ ನಾಚಿಕೆಯಿಂದ ಕೇಳಲಿಲ್ಲ. ಆಮೇಲೆ ಕೇಳುವ ಹೊತ್ತು ಮೀರಿಹೋಯಿತು. ಹತ್ತು ವರ್ಷ ಜೊತೆಗೆ ನಕ್ಕು, ಹನ್ನೊಂದನೆಯ ವರ್ಷ ಯಾಕೆ ನಗುತ್ತೀರಿ ಎಂದು ಕೇಳಿದರೆ, ಹಿಂದಿನ ನಗುವೆಲ್ಲ ಏನಾಗಿತ್ತು ಎಂಬ ಪ್ರಶ್ನೆ ಬರುತ್ತದೆ. ಅಂಥ ಹೊತ್ತಿನಲ್ಲೇ ಒಂದು ರಾತ್ರಿ 'ಡಾರ್ಮಾಕ್' ನೋಡಿದ್ದು. ಹಡಗಿನವರೆಲ್ಲ ಮುಖ ಮುಖ ನೋಡಿಕೊಳ್ಳುವಾಗ, ಅರೇ, ಇದು ನಮ್ಮ ಅಡುಗೆಮನೆ ಎನಿಸಿತು.

ಕಾಕಾ ಚಾಚಿದ ಆ ಕೈಯಿಂದಲೇ ಇರಬೇಕು, ಭಾನುವಾರ ಮನೆಗೆ ಹೋದವಳೇ ಕೇಳಿಬಿಟ್ಟೆ. ಅತ್ತೆ ನಡುಮನೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ.

"ಅತ್ತೆ, ನರಗುಂದದ ಛತ್ರಿ ಅಂದರೇನು?"

ಅವರು ತಲೆ ಎತ್ತಲಿಲ್ಲ. "ಅದೇ. ಕೊಟ್ಟದ್ದು ತಿರುಗಿ ಬರುವುದು, ಬಂದದ್ದು ತಿರುಗಿ ಹೋಗುವುದು. ಮುಗಿಯದ್ದು."

"ಅದು ತಿಳಿದಿದೆ. ಯಾರ ಛತ್ರಿ? ಏನಾಯಿತು?"

ಮೊರ ನಿಂತಿತು. ಒಂದು ಕಲ್ಲನ್ನು ಬೆರಳ ತುದಿಯಿಂದ ಎತ್ತಿ, ಅದನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತರು.

"ಯಾರದೋ ಏನೋ, ನಾನು ಕೇಳಲೇ ಇಲ್ಲ. ನಮ್ಮ ಅತ್ತೆ ಅನ್ನುತ್ತಿದ್ದರು."

"ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲವೇ?"

"ಹದಿನಾಲ್ಕು ವರ್ಷದಲ್ಲಿ ನೀನು ಕೇಳಿದ್ದೆಯಾ?"

ಅತ್ತೆಯವರ ತವರು ಬ್ಯಾಡಗಿ. ಅವರೂ ಹೊರಗಿನಿಂದ ಬಂದವರೆಂಬುದು ನನಗೆ ಎಂದೂ ಹೊಳೆದಿರಲಿಲ್ಲ. ಅವರೂ ಒಂದು ದಿನ ಇದೇ ನಡುಮನೆಯಲ್ಲಿ ನಿಂತು, ಏನೂ ತಿಳಿಯದೆ, ಎಲ್ಲರ ಜೊತೆ ನಕ್ಕಿರಬೇಕು. ನಾನು ಈ ಮನೆಯ ಮಾತಿನ ಯಜಮಾನಿ ಎಂದುಕೊಂಡಿದ್ದವರು ನನ್ನ ಹಾಗೆಯೇ ಕೇಳಿಸಿಕೊಂಡು ಕಲಿತವರು.

ನನ್ನ ಗಂಡನಿಗೂ ಗೊತ್ತಿಲ್ಲ. ಗದಗಿನಲ್ಲಿರುವ ದೊಡ್ಡಪ್ಪನವರಿಗೆ ಫೋನ್ ಮಾಡಿಸಿದೆ. ಅವರು ಬಹಳ ಯೋಚಿಸಿ, "ನರಗುಂದವೇ? ನಾವು ನವಲಗುಂದದ ಛತ್ರಿ ಎಂದು ಕೇಳಿದ ನೆನಪು" ಎಂದರು. ನವಲಗುಂದಕ್ಕೆ ಜಮಖಾನೆ ಇದೆ, ಛತ್ರಿಯೂ ಬೇಕೇ? ಅಲ್ಲಿಗೆ ಊರೂ ಕೈಬಿಟ್ಟಿತು. ಉಳಿದದ್ದು ಮಾತು ಒಂದೇ, ಅದು ಮಾತ್ರ ಎಲ್ಲೂ ಸವೆಯದೆ ನೆಟ್ಟಗಿದೆ.

ಅಂದಿನಿಂದ ನನಗೆ ನನ್ನ ಮೆಚ್ಚಿನ ಕಂತಿನ ಮೇಲೆಯೇ ಸಣ್ಣ ತಕರಾರು ಹುಟ್ಟಿದೆ. ಅದರಲ್ಲಿ ಹಡಗಿನವರು ಒಂದು ಉದಾಹರಣೆ ಆಡುತ್ತಾರೆ: ಬಾಲ್ಕನಿಯಲ್ಲಿ ಜೂಲಿಯೆಟ್ ಎಂದರೆ, ಜೂಲಿಯೆಟ್ ಯಾರೆಂದು ಗೊತ್ತಿಲ್ಲದವರಿಗೆ ಏನು ತಿಳಿದೀತು? ಕಥೆ ಗೊತ್ತಿಲ್ಲದಿದ್ದರೆ ಮಾತಿಲ್ಲ ಎಂಬುದು ಅವರ ನಂಬಿಕೆ. ಇಲ್ಲಿಯವರೆಗೆ ನನ್ನದೂ. ಸೋಮವಾರ ತರಗತಿಯಲ್ಲಿ ಸುಮ್ಮನೆ ಕೇಳಿದೆ, ಭಗೀರಥ ಯಾರು? 'ಭಗೀರಥ ಪ್ರಯತ್ನ'ವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದರೆ ಎಲ್ಲರೂ ತಪ್ಪಿಲ್ಲದೆ ಬರೆಯುವ ಮಕ್ಕಳು ಇವರು. ಐದಾರು ಕೈ ಎದ್ದವು, ಅಷ್ಟೇ. ಹಿಂದಿನ ಸಾಲಿನ ಒಬ್ಬ ಹುಡುಗಿ "ಬೋರ್‌ವೆಲ್ ಕೊರೆಸಿದವನು, ಮೇಡಂ" ಎಂದಳು. ಅರ್ಧ ಅಂಕ ಕೊಡಬೇಕೆನಿಸಿತು. ಎಷ್ಟು ಕೊರೆದರೂ ನೀರು ಸಿಗದ ಊರಿನಿಂದ ಬರುವವಳು, ಬಹುಶಃ ಅವಳ ಭಗೀರಥನೇ ನನ್ನವನಿಗಿಂತ ಗಟ್ಟಿ.

ಹಾಗಾದರೆ ಟಮೇರಿಯನ್ ಮಕ್ಕಳು? ಶಾಕಾ ಯಾರು, ಯಾವ ಗೋಡೆ ಎಂದು ಅವರ ಅಜ್ಜಿಯರಿಗಾದರೂ ಗೊತ್ತಿತ್ತೇ? ಡೇತನ್ ಆ ಗ್ರಹದಲ್ಲಿ ಸಾಯುವವರೆಗೂ ಹಿಡಿದುಕೊಂಡಿದ್ದ ಪುರಾಣದ ಊರು, ಅವರ ಇನ್ನೊಂದು ಓಣಿಯಲ್ಲಿ ಬೇರೆ ಹೆಸರಿನದಾಗಿತ್ತೇ? ಪಿಕಾರ್ಡ್ ಬೆಂಕಿಯ ಪಕ್ಕ ಅಷ್ಟು ಕಷ್ಟಪಟ್ಟು ಕಥೆ ಕೇಳುವ ಬದಲು ಅವರ ಮನೆಗೆ ಸೊಸೆಯಾಗಿ ಹೋಗಿದ್ದರೆ ಎರಡು ವರ್ಷದಲ್ಲಿ ಕಲಿಯುತ್ತಿದ್ದ. ಇದನ್ನೆಲ್ಲ ಮಂಗಳವಾರ ರಾತ್ರಿ ನಮ್ಮ ನಾಲ್ವರ ಗುಂಪಿಗೆ ಉದ್ದಕ್ಕೆ ಬರೆದು ಕಳಿಸಿದೆ, ಛತ್ರಿಯ ಸಮೇತ. ಬ್ಯಾಂಕಿನವರು ಹೂವಿನ ಚಿತ್ರ ಕಳಿಸಿದರು. ಕಾಕಾ ಓದಿದರು, ಉತ್ತರಿಸಲಿಲ್ಲ. ಹುಡುಗ ಮಾತ್ರ, "ಅಕ್ಕಾ, ಪಾನಾದ ಪ್ರಶ್ನೆ ಹಾಗೆಯೇ ಉಳಿಯಿತು" ಎಂದು ಬರೆದ.

ಇವತ್ತು ಶುಕ್ರವಾರ. ಸಂಜೆ ಮಳೆ ಜೋರಾಗಿತ್ತು. ಏಳರ ಹೊತ್ತಿಗೆ ಹುಡುಗನ ಸಂದೇಶ ಬಂತು, ತೋಯ್ದ ಪ್ಯಾಂಟಿನ ಫೋಟೋ ಸಮೇತ: "ಬಸ್ ನಿಲ್ದಾಣದಲ್ಲಿ ಸಿಕ್ಕಿಕೊಂಡೆ. ಇವತ್ತು ನರಗುಂದದ ಛತ್ರಿ!"

"ಅದಕ್ಕೆ ಹಾಗೆ ಅನ್ನುವುದಿಲ್ಲ," ಎಂದು ಬರೆದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಕಥೆ ಯಾರಿಗೂ ಗೊತ್ತಿಲ್ಲ ಅಂದಿರಿ. ಮತ್ತೆ ತಪ್ಪು ಅಂತ ಹೇಗೆ ಹೇಳುತ್ತೀರಿ?"

"ತಪ್ಪು."

"ಹಾಗಾದರೆ ಯಾವುದಕ್ಕೆ ಅನ್ನುತ್ತಾರೆ?"

"ಕಾಕಾ ಅವತ್ತು ಬಿಲ್ಲು ಕೊಟ್ಟರಲ್ಲ, ಬರುವ ತಿಂಗಳು ನಾನೇ ಕೊಡಬೇಕು ಎಂದು ನೀನು ಒಳಗೊಳಗೇ ಕುದಿಯುತ್ತಿದ್ದೀಯಲ್ಲ, ಅದಕ್ಕೆ."

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂದದ್ದು ಕಾಕಾ ಅವರಿಂದ, ವಾರದಲ್ಲಿ ಅವರ ಮೊದಲ ಸಂದೇಶ.

"ಬರುವ ತಿಂಗಳೂ ನಾನೇ ಕೊಡುತ್ತೇನೆ."